ಅನುಮಾನದಕ್ಕ ಮತ್ತು ಹಸಿರು ದೀಪ

ಆಪರೇಷನ್ ಆದವರನ್ನು ಮಲಗಿಸುವ ಆ ಉದ್ದನೆಯ ವಾರ್ಡಿನಲ್ಲಿ ಎಲ್ಲರೂ ಅವಳನ್ನು ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಎದೆಯ ಮೇಲಿನ ಬಿಲ್ಲೆಯಲ್ಲಿತ್ತು, ಅದನ್ನು ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅವಳು ಅಲ್ಲಿಯ ಹಳೆಯ ನರ್ಸು. ಔಷಧಿಯ ಗಾಡಿ ತಳ್ಳಿಕೊಂಡು ಹೋಗುತ್ತಿದ್ದವಳು ಯಾವುದೋ ಹಾಸಿಗೆಯ ಮುಂದೆ ಗಕ್ಕನೆ ನಿಂತುಬಿಡುತ್ತಿದ್ದಳು. ಮಲಗಿದ್ದವರು ಆರಾಮಾಗಿ ಪೇಪರ್ ಓದುತ್ತಿರಬಹುದು, ಗೊರಕೆ ಹೊಡೆಯುತ್ತಿರಬಹುದು, ಇವಳಿಗೆ ಮಾತ್ರ ಹೊಟ್ಟೆಯೊಳಗೆ ಚುರುಕ್ ಎನ್ನುತ್ತಿತ್ತು. "ಸ್ವಲ್ಪ ಕೈ ಕೊಡಿ ನೋಡೋಣ" ಎಂದು ಬಿಪಿ ಪಟ್ಟಿ ಸುತ್ತಿಯೇ ತೀರುತ್ತಿದ್ದಳು. ಹೆಚ್ಚಿನ ಸಲ ಏನೂ ಇರುತ್ತಿರಲಿಲ್ಲ. ಕೆಲವು ಸಲ ಇರುತ್ತಿತ್ತು. ಆ ಕೆಲವು ಸಲಗಳಿಂದ ಬದುಕಿಕೊಂಡವರು ಇವತ್ತಿಗೂ ಎಲ್ಲೋ ಬಸ್ಸು ಹತ್ತಿ ಇಳಿಯುತ್ತ ಓಡಾಡಿಕೊಂಡಿದ್ದಾರೆ, ಅವರಿಗೆ ಇದು ಗೊತ್ತೂ ಇಲ್ಲ.

"ಅಲ್ಲಾ ಅಕ್ಕಾ, ಭಾವನ ಮೇಲೂ ಹೀಗೇ ಅನುಮಾನ ಪಡ್ತೀಯಾ?" ಎಂದು ಜೊತೆಯ ನರ್ಸು ಸಮಾಧಾನಿ ರೇಗಿಸುತ್ತಿದ್ದಳು. ಸಮಾಧಾನಿ ಎನ್ನುವುದೂ ಅಡ್ಡಹೆಸರೇ. ಆಸ್ಪತ್ರೆಗೆ ಬೆಂಕಿ ಬಿದ್ದರೂ ಅವಳು ಟೀ ಮುಗಿಸಿಯೇ ಏಳುವುದು ಎಂದು ವಾರ್ಡಿನಲ್ಲಿ ಮಾತಿತ್ತು.

"ಅವರ ಬಿಪಿ ದಿನಾ ನೋಡ್ತೀನಿ ಕಣೆ. ನಾನು ಹತ್ರ ಹೋದ್ರೇ ಏರುತ್ತೆ."

ಹಾಗೆ ನಗುತ್ತಿದ್ದಳೇನೋ ಸರಿ, ಆದರೆ ಈ ಅನುಮಾನ ಅವಳಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ಡ್ಯೂಟಿ ಮುಗಿದರೂ ಅದು ಸೆರಗು ಹಿಡಿದುಕೊಂಡು ಮನೆಯವರೆಗೆ ಬರುತ್ತಿತ್ತು. ಊಟಕ್ಕೆ ಕೂತವಳು ತುತ್ತು ಕೈಯಲ್ಲೇ ಹಿಡಿದು ವಾರ್ಡಿಗೆ ಫೋನ್ ಮಾಡಿ, ಮೂಲೆ ಹಾಸಿಗೆಯವರು ಮೂತ್ರ ಮಾಡಿದರಾ ಎಂದು ಕೇಳುತ್ತಿದ್ದಳು. ಮಕ್ಕಳು ಮುಖ ಕಿವುಚುತ್ತಿದ್ದವು. ನಿದ್ದೆಯಂತೂ ಅವಳ ಪಾಲಿಗೆ ದೂರದ ನೆಂಟ.

ಅಂಥ ವಾರ್ಡಿಗೆ ಕಾವಲು ಬಂತು. ಕಾವಲು ಎನ್ನುವುದು ಕಂಪ್ಯೂಟರಿನ ಹೊಸ ವ್ಯವಸ್ಥೆಗೆ ಆಸ್ಪತ್ರೆಯವರು ಇಟ್ಟ ಹೆಸರು. ಪ್ರತಿ ಹಾಸಿಗೆಯ ತಲೆಯ ಕಡೆ ಗೋಡೆಗೆ ಒಂದು ಪುಟ್ಟ ದೀಪ ಕೂರಿಸಿದರು. ನರ್ಸುಗಳು ಬಿಪಿ, ನಾಡಿ, ಜ್ವರ ಎಲ್ಲವನ್ನೂ ಟ್ಯಾಬಿನಲ್ಲಿ ತುಂಬಬೇಕು. ಕಾವಲು ಅದನ್ನು ತೆಗೆದುಕೊಂಡು, ಹಿಂದಿನ ಸಾವಿರಾರು ರೋಗಿಗಳ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿ, ಯಾರ ಸ್ಥಿತಿ ಕೆಡಬಹುದು ಎಂದು ಮುಂಚೆಯೇ ಹೇಳುತ್ತದೆ. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಡಾಕ್ಟರು ಬರಬೇಕು. ಕೆಂಪು ಎಂದರೆ ಎಲ್ಲರೂ ಓಡಬೇಕು. ಉದ್ಘಾಟನೆಗೆ ಟೈ ಕಟ್ಟಿದವರೆಲ್ಲ ಬಂದು ಟೇಪು ಕತ್ತರಿಸಿ, ದೀಪಗಳ ಫೋಟೋ ತೆಗೆದುಕೊಂಡು ಹೋದರು. ದೀಪಗಳ ಕೆಳಗೆ ಮಲಗಿದ್ದವರನ್ನು ಯಾರೂ ಮಾತಾಡಿಸಲಿಲ್ಲ.

ಮೊದಮೊದಲು ಅನುಮಾನದಕ್ಕನಿಗೇ ಎಲ್ಲರಿಗಿಂತ ಹೆಚ್ಚು ಖುಷಿ. ಅವಳ ಹೊಟ್ಟೆಯಲ್ಲಿ ಚುರುಕ್ ಎಂದು, ಅವಳು ಒಂದೆರಡು ಸಲ ಬಿಪಿ ನೋಡಿದರೆ ಸಾಕು, ಆ ಹಾಸಿಗೆಯ ದೀಪವೂ ಹಳದಿಯಾಗುತ್ತಿತ್ತು. ಇಷ್ಟು ವರ್ಷ ಒಬ್ಬಳೇ ಹೇಳಿ ಹೇಳಿ ಡಾಕ್ಟರುಗಳ ಹತ್ತಿರ ಬೈಸಿಕೊಂಡವಳಿಗೆ ಈಗ ಗೋಡೆಯೇ ಸಾಕ್ಷಿ ನುಡಿಯುತ್ತಿತ್ತು. "ನೋಡೇ, ಇದಕ್ಕೂ ನನ್ನ ಹಾಗೇ ಅನುಮಾನದ ರೋಗ" ಎಂದು ಸಮಾಧಾನಿಗೆ ಹೇಳಿ ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ಜಂಬವೂ ಇತ್ತು.

ಆಮೇಲೆ ನಿಯಮ ಬಂತು. ಹಳದಿ ದೀಪಗಳು ಹೆಚ್ಚಾಗಿ ಡಾಕ್ಟರುಗಳು ಓಡಾಡಿ ಸುಸ್ತಾಗಿದ್ದರು. ದೀಪ ಹಸಿರಿದ್ದಾಗ ಗೊತ್ತುಮಾಡಿದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಯಾರೂ ತಪಾಸಣೆ ಮಾಡಕೂಡದು, ಅದು ಸಮಯ ದಂಡ ಎಂದರು ಆಸ್ಪತ್ರೆಯವರು. ಮಾಡಲೇಬೇಕಾದರೆ ಟ್ಯಾಬು ಕಾರಣ ಕೇಳುತ್ತದೆ. ಮೂರೇ ಕಾರಣ: ಡಾಕ್ಟರು ಹೇಳಿದ್ದಾರೆ, ರೋಗಿ ತೊಂದರೆ ಹೇಳಿಕೊಂಡಿದ್ದಾರೆ, ದೀಪದ ಬಣ್ಣ ಬದಲಾಗಿದೆ. ಹೊಟ್ಟೆಯಲ್ಲಿ ಚುರುಕ್ ಎಂದಿತು ಎನ್ನುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಯಾರು ಎಷ್ಟು ಅನಗತ್ಯ ತಪಾಸಣೆ ಮಾಡಿದರು ಎಂದು ಪ್ರತಿ ತಿಂಗಳೂ ಗೋಡೆಗೆ ಚಾರ್ಟು ಅಂಟಿಸತೊಡಗಿದರು. ಮೊದಲ ಚಾರ್ಟಿನಲ್ಲೇ ಅನುಮಾನದಕ್ಕನ ಗೆರೆ ಎಲ್ಲರ ತಲೆ ಮೇಲೆ ಹೋಗಿತ್ತು.

ಮೇಟ್ರನ್ ಅವಳನ್ನು ಕರೆದು ಕೂರಿಸಿಕೊಂಡರು. ಕೆಟ್ಟವರೇನಲ್ಲ. ತಮ್ಮ ಫ್ಲಾಸ್ಕಿನಿಂದಲೇ ಟೀ ಬಗ್ಗಿಸಿ ಕೊಟ್ಟರು.

"ನಿಮ್ಮ ಕಾಳಜಿ ನಂಗೊತ್ತಿಲ್ವಾ? ಆದ್ರೆ ಇಷ್ಟು ದಿನ ಎಲ್ಲಾರ ಭಾರ ನೀವೊಬ್ರೇ ಹೊತ್ರಿ. ಈಗ ಅದು ನೋಡ್ಕೊಳುತ್ತೆ. ಸ್ವಲ್ಪ ಉಸಿರು ಬಿಡಿ."

ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ಅವಳಿಗೆ ಹಿತವಾಯಿತು. ಮೊದಲು ಕೈ ಕಟ್ಟಿಹಾಕಿದ ಹಾಗೆ ಒದ್ದಾಡಿದಳು, ಆಮೇಲೆ ಒಗ್ಗಿಹೋಯಿತು. ವಾರ್ಡಿಗೆ ಬಂದವಳು ಈಗ ಮುಖ ನೋಡುವ ಮೊದಲು ದೀಪ ನೋಡುತ್ತಿದ್ದಳು. ಹಸಿರಿದ್ದರೆ ಗಾಡಿ ಮುಂದಕ್ಕೆ ತಳ್ಳುತ್ತಿದ್ದಳು. ಮನೆಯಲ್ಲಿ ಊಟ ಊಟದಂತೆ ಇಳಿಯಿತು, ತಲೆದಿಂಬಿಗೆ ತಲೆ ಕೊಟ್ಟರೆ ಬೆಳಗಾಗುತ್ತಿತ್ತು. "ಬದುಕಿದೆ ಕಣೆ ನಾನು" ಎಂದು ಗಂಡ ಕೂಡ ಹೇಳಿದ. ಹೊಟ್ಟೆಯೊಳಗಿನ ಚುರುಕ್ ದಿನೇ ದಿನೇ ಸಣ್ಣಗಾಗುತ್ತ ಬಂತು. ವಾರ್ಡಿನಲ್ಲಿ ಹಳದಿ ದೀಪ ಉರಿಯುವುದೂ ಅಪರೂಪವಾಯಿತು. ಎಷ್ಟು ಒಳ್ಳೆಯ ಲಕ್ಷಣ ಎಂದು ಎಲ್ಲರೂ ಅಂದುಕೊಂಡರು.

ಹೀಗಿರುವಾಗ ಅವಳ ಅಣ್ಣನನ್ನೇ ಆ ವಾರ್ಡಿಗೆ ತಂದು ಮಲಗಿಸಿದರು. ಅಣ್ಣ ದರ್ಜಿ. ಬಹಳ ದಿನದಿಂದ ನುಂಗಿಕೊಂಡಿದ್ದ ಹೊಟ್ಟೆನೋವು ಕೊನೆಗೆ ಕರುಳಿನ ಗಂಟಾಗಿ ನಿಂತಿತ್ತು. ಕರುಳಿನ ತುಂಡೊಂದನ್ನು ಕತ್ತರಿಸಿ ತೆಗೆದು ಹೊಲಿದಿದ್ದರು. ಎಚ್ಚರವಾದ ಮೇಲೆ ಅವನ ಮೊದಲ ಮಾತು, "ಹೊಲಿಗೆ ಯಾರು ಹಾಕಿದ್ದು? ಒಳಗಡೆ ಡಬಲ್ ಹೊಲಿಗೆ ಹಾಕಿದಾರೋ ಇಲ್ವೋ ಕೇಳಮ್ಮ." ಅಪ್ಪ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನು ತುಳಿದೇ ಅವನು ತಂಗಿಯನ್ನು ನರ್ಸಿಂಗ್ ಓದಿಸಿದ್ದ. ಅವಳಿಗೆ ತವರು ಎಂದು ಉಳಿದಿದ್ದರೆ ಅದು ಅವನೊಬ್ಬನೇ.

"ನೀನಿದೀಯಲ್ಲ, ನಂಗೆ ಧೈರ್ಯ" ಎಂದಳು ಅತ್ತಿಗೆ, ಅವಳ ಕೈ ಹಿಡಿದುಕೊಂಡು.

"ನಾನಿಲ್ದಿದ್ರೂ ಕಾವಲಿದೆ ಅತ್ತಿಗೆ. ಅಲ್ನೋಡಿ, ಹಸಿರು. ಅದು ಹಸಿರಿದ್ರೆ ನೀವು ನಿಶ್ಚಿಂತೆಯಿಂದಿರಿ."

ಸ್ವಂತದವರ ಹಾಸಿಗೆಯನ್ನು ನರ್ಸುಗಳು ತಾವೇ ನೋಡಿಕೊಳ್ಳುವಂತಿಲ್ಲ ಎಂದು ಆಸ್ಪತ್ರೆಯ ನಿಯಮ. ಹಾಗಾಗಿ ಕಿಟಕಿ ಕಡೆಯ ಆ ಸಾಲು ಸಮಾಧಾನಿಯ ಪಾಲಿಗೆ ಬಂತು. ಅಣ್ಣನ ಪಕ್ಕದ ಹಾಸಿಗೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಮುದುಕ ಇದ್ದ. ಬೀಗ ರಿಪೇರಿ ಮಾಡುವವನಾದ್ದರಿಂದ ಬೀಗದಜ್ಜ. ಅವನನ್ನು ನೋಡಲು ಯಾರೂ ಬರುತ್ತಿರಲಿಲ್ಲ. "ಊರಿನ ಯಾವ ಮನೆ ಬೀಗ ಬೇಕಾದ್ರೂ ತೆಗೀತೀನಿ ಮಗಳೇ, ಒಂದು ಬಾಗಿಲಿಂದಾನೂ ನನ್ನ ನೋಡೋಕೆ ಜನ ಹೊರಡ್ಲಿಲ್ಲ ನೋಡು" ಎಂದು ಅದನ್ನೂ ತಮಾಷೆ ಮಾಡುತ್ತಿದ್ದ. ಅನುಮಾನದಕ್ಕ ಆ ಕಡೆ ಹಾದರೆ ಸಾಕು, "ಬಂದ್ರಪ್ಪ ಸಿಐಡಿ" ಎನ್ನುತ್ತಿದ್ದ. ಅಣ್ಣನಿಗೂ ಅವನಿಗೂ ಒಂದೇ ದಿನದಲ್ಲಿ ದೋಸ್ತಿ ಕುದುರಿತ್ತು. ದರ್ಜಿಯ ಕತ್ತರಿ ದೊಡ್ಡದೋ ಬೀಗದವನು ಕಬ್ಬಿಣ ಉಜ್ಜುವ ಅರ ದೊಡ್ಡದೋ ಎಂದು ಇಬ್ಬರೂ ಮಲಗಿದಲ್ಲಿಂದಲೇ ಜಗಳ ಆಡುತ್ತಿದ್ದರು.

ಒಂದು ಮಧ್ಯಾಹ್ನ ಕಾವಲಿನ ಕಂಪನಿಯ ಇಂಜಿನಿಯರು ಕೆಟ್ಟ ಟ್ಯಾಬೊಂದನ್ನು ಸರಿಮಾಡಲು ಬಂದ. ನರ್ಸುಗಳು ಟೀ ಕುಡಿಯುವ ಕೋಣೆಯಲ್ಲೇ ಮೇಜು ಹರಡಿಕೊಂಡು ಕೂತ. ಮಾತುಗಾರ. ಟೀ ಕೊಟ್ಟ ಅನುಮಾನದಕ್ಕನಿಗೆ ತನ್ನ ಯಂತ್ರದ ಹೊಗಳಿಕೆ ಶುರುಮಾಡಿದ.

"ಒಂದು ಪ್ರಶ್ನೆ ಕೇಳ್ತೀನಿ ಸಿಸ್ಟರ್. ಕಾವಲು ಎಲ್ಲಾದಕ್ಕಿಂತ ಹೆಚ್ಚಾಗಿ ಏನು ನೋಡಿ ಹಳದಿ ಮಾಡುತ್ತೆ, ಹೇಳಿ."

"ಬಿಪಿ?"

"ಅಲ್ಲ."

"ನಾಡಿ. ಉಸಿರು."

"ಅವೂ ಬೇಕು. ಆದ್ರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ." ಅವನು ಬಿಸ್ಕತ್ತು ಅದ್ದಿ ಬಾಯಿಗೆ ಹಾಕಿಕೊಂಡ. "ಹೊತ್ತು! ನೀವು ಯಾವ ಹೊತ್ತಲ್ಲಿ ನೋಡಿದ್ರಿ ಅನ್ನೋದು. ಹೊತ್ತಲ್ಲದ ಹೊತ್ತಲ್ಲಿ ಯಾವ್ದೋ ನರ್ಸ್ ಹೋಗಿ ಬಿಪಿ ನೋಡಿದಾರೆ ಅಂದ್ರೆ, ಬಿಪಿ ಎಷ್ಟಾದ್ರೂ ಇರ್ಲಿ, ಆ ರೋಗಿಗೆ ಏನೋ ಆಗ್ತಿದೆ ಅಂತ ಅರ್ಥ. ಇದನ್ನ ನಾವು ಹೇಳಿಕೊಡ್ಲಿಲ್ಲ. ನಿಮ್ಮ ಹಳೇ ದಾಖಲೆಗಳ್ನ ನೋಡಿ ಅದೇ ಕಲಿತುಕೊಳ್ತು. ಮಜಾ ಅಲ್ವಾ?"

ಅವಳು ಮೊದಲು ನಕ್ಕಳು. ತನ್ನ ಹುಚ್ಚಾಟವನ್ನೇ ಯಂತ್ರ ಪಾಠ ಮಾಡಿಕೊಂಡಿತಲ್ಲ ಎಂದು ನಿಜವಾಗಿಯೂ ನಗು ಬಂತು. ಲೋಟ ತುಟಿಯ ತನಕ ಹೋದದ್ದು ಅಲ್ಲೇ ನಿಂತಿತು.

"ಈಗ ನಾವು ಹೊತ್ತಲ್ಲದ ಹೊತ್ತಲ್ಲಿ ನೋಡೋದೇ ಇಲ್ವಲ್ಲ."

"ಹೂಂ. ಅದಕ್ಕೇ ನೋಡಿ, ಈಗ ಎಲ್ಲಾ ಹಸಿರು."

"ಅಂದ್ರೆ, ನಾವು ನೋಡ್ದೇ ಇರೋದ್ರಿಂದ ಹಸಿರಾ?"

ಇಂಜಿನಿಯರು ಅಗಿಯುವುದನ್ನು ನಿಲ್ಲಿಸಿದ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಅದು... ಹಂಗಲ್ಲ. ಆಫೀಸಲ್ಲಿ ಕೇಳಿ ಹೇಳ್ತೀನಿ" ಎಂದ. ದೀಪ ಹಸಿರಿದೆ ಎಂದು ತಾವು ನೋಡುತ್ತಿಲ್ಲ, ತಾವು ನೋಡುತ್ತಿಲ್ಲ ಎಂದು ದೀಪ ಹಸಿರಿದೆ. ಅದು ತನ್ನನ್ನು ನೋಡಿಕೊಂಡು ನಿಶ್ಚಿಂತವಾಗಿತ್ತು, ತಾನು ಅದನ್ನು ನೋಡಿಕೊಂಡು ನಿದ್ದೆ ಮಾಡುತ್ತಿದ್ದಳು. ಲೋಟ ಮೇಜಿನ ಮೇಲಿಟ್ಟು ಎದ್ದೆನೋ ಬಿದ್ದೆನೋ ಎಂದು ವಾರ್ಡಿನ ಕಡೆ ಓಡಿದಳು.

ವಾರ್ಡು ಎಂದಿನಂತೇ ಇತ್ತು. ಆ ತುದಿಯಿಂದ ಈ ತುದಿಯವರೆಗೆ ದೀಪಗಳೆಲ್ಲ ಹಸಿರು. ಯಾರೋ ಕೆಮ್ಮಿದರು. ಫ್ಯಾನು ಕಿರುಗುಟ್ಟುತ್ತಿತ್ತು. ಅತ್ತಿಗೆ ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು. ಕಿಟಕಿಯ ಸಾಲಿಗೆ ಬರುತ್ತಿದ್ದಂತೆ ಎಷ್ಟೋ ದಿನದ ಮೇಲೆ ಅವಳ ಹೊಟ್ಟೆಯಲ್ಲಿ ಚುರುಕ್ ಎಂದಿತು, ಹಿಂದೆಂದೂ ಇಲ್ಲದಷ್ಟು ಜೋರಾಗಿ. ಬೀಗದಜ್ಜ ಸಿಐಡಿ ಎನ್ನಲಿಲ್ಲ, ಕೈ ಮಾತ್ರ ಸ್ವಲ್ಪ ಎತ್ತಿದ.

"ಮಗಳೇ, ನಿಮ್ಮಣ್ಣ ಬೆಳಿಗ್ಗೆಯಿಂದ ಜಗಳಕ್ಕೇ ಬಂದಿಲ್ಲ. ಮೊದ್ಲು ಅವನ್ನ ನೋಡು."

"ನೀವು ಹೇಗಿದೀರಿ ಅಜ್ಜಾ?"

"ನಂದು ಹಸಿರಿದೆಯಲ್ಲಮ್ಮಾ."

ಅವಳು ಆಗಲೇ ಅಣ್ಣನ ಕಡೆ ಬಾಗಿದ್ದಳು. ಅಣ್ಣನ ಕಣ್ಣು ಅರೆ ತೆರೆದಿತ್ತು. ಬೆರಳು ಹೊದಿಕೆಯ ಅಂಚನ್ನು ಕೀಳುತ್ತಿತ್ತು. ಪಾದ ಮುಟ್ಟಿದರೆ ತಣ್ಣಗೆ. "ಅಣ್ಣಾ" ಎಂದಳು. "ಹೊಲಿಗೆ ಬಿಗಿಯಾಗಿದೆ ಕಣಮ್ಮ" ಎಂದ ಅವನು, ಅವಳ ಕಡೆ ನೋಡದೆ. ತಲೆಯ ಮೇಲೆ ದೀಪ ಹಸಿರಾಗಿತ್ತು.

"ಬಿಪಿ ಯಾವಾಗ ನೋಡಿದ್ದು ಇವನ್ದು?" ಎಂದು ಸಮಾಧಾನಿಯನ್ನು ಕೇಳಿದಳು.

"ಬೆಳಿಗ್ಗೆ ನೋಡಿದೀನಿ ಅಕ್ಕಾ, ಚೆನ್ನಾಗಿತ್ತು. ಇನ್ನು ರಾತ್ರಿ ಊಟ ಆದ್ಮೇಲೇ. ಹಸಿರಿದೆಯಲ್ಲ."

"ನಿನ್ ದಮ್ಮಯ್ಯ, ಈಗೊಂದ್ಸಲ ನೋಡೇ."

"ಈ ತಿಂಗಳು ಚಾರ್ಟಲ್ಲಿ ನಂದೂ ಮೇಲಿದೆ ಅಕ್ಕಾ. ಏನಂತ ಕಾರಣ ಹಾಕ್ಲಿ? ಅವ್ರು ನೋವು ಅಂತ ಹೇಳಿದಾರಾ?"

"ಹೇಳೋ ಸ್ಥಿತೀಲಿ ಇಲ್ಲ ಕಣೆ ಅವನು!"

ಅತ್ತಿಗೆ ಗಾಬರಿಯಿಂದ ಎಚ್ಚೆತ್ತು ಇಬ್ಬರ ಮುಖವನ್ನೂ ನೋಡಿದಳು. ಅನುಮಾನದಕ್ಕ ಇನ್ನು ಕಾಯಲಿಲ್ಲ. ಸಮಾಧಾನಿಯ ಕೈಯಿಂದ ಟ್ಯಾಬು ಕಿತ್ತುಕೊಂಡಳು, ಅದಕ್ಕೆ ತನ್ನ ಗುರುತಿನ ಕಾರ್ಡು ತೋರಿಸಿದಳು, ರೋಗಿ ತೊಂದರೆ ಹೇಳಿಕೊಂಡಿದ್ದಾರೆ ಎಂದು ಸುಳ್ಳು ಒತ್ತಿದಳು, ಪಟ್ಟಿ ಸುತ್ತಿದಳು. ಕೆಲಸ ಹೋದರೆ ಹೋಗಲಿ ಎಂದುಕೊಳ್ಳುವಷ್ಟೂ ಅವಳಿಗೆ ವ್ಯವಧಾನವಿರಲಿಲ್ಲ. ಬಿಪಿ ಸ್ವಲ್ಪ ಇಳಿದಿತ್ತು, ನಾಡಿ ಸ್ವಲ್ಪ ಏರಿತ್ತು. ಎರಡೂ ಮಿತಿಯೊಳಗೇ. ದೀಪ ಹಸಿರಾಗಿಯೇ ಉಳಿಯಿತು.

ಫೋನ್ ಎತ್ತಿ ಡಾಕ್ಟರನ್ನು ಕರೆದಳು. "ಬಣ್ಣ ಯಾವ್ದಿದೆ?" ಎಂದು ಆ ಕಡೆಯಿಂದ ಕೇಳಿದರು. ಹಸಿರು ಎಂದಳು. ಸಾಯಂಕಾಲ ರೌಂಡ್ಸಿನಲ್ಲಿ ನೋಡೋಣ ಎಂದು ಫೋನ್ ಇಟ್ಟರು.

ಅವಳಿಗೆ ಆಗ ಇಂಜಿನಿಯರು ಹೇಳಿದ ಹೊತ್ತಿನ ಲೆಕ್ಕ ಹೊಳೆಯಿತು. ಪಟ್ಟಿ ಬಿಚ್ಚದೆ ಮತ್ತೆ ಗಾಳಿ ತುಂಬಿಸಿದಳು, ಅಂಕಿ ಒತ್ತಿದಳು. ಇನ್ನೊಮ್ಮೆ. ಇನ್ನೊಮ್ಮೆ. ಅಂಕಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಇರಲಿಲ್ಲ. ಆದರೂ ಅಣ್ಣನ ತಲೆಯ ಮೇಲಿನ ದೀಪ ಒಮ್ಮೆ ಕಣ್ಣು ಹೊಡೆದು ಹಳದಿಯಾಯಿತು, ಅವಳು ಇನ್ನೊಮ್ಮೆ ಒತ್ತಿದಾಗ ಕೆಂಪಾಯಿತು. ಗಂಟೆ ಹೊಡೆದುಕೊಂಡಿತು. ಆಗ ಎಲ್ಲರೂ ಓಡಿಬಂದರು. ಈಗಷ್ಟೇ ಫೋನ್ ಇಟ್ಟಿದ್ದ ಡಾಕ್ಟರೂ ಬಂದರು, ಅಣ್ಣನ ಹೊಟ್ಟೆ ಒತ್ತಿ ನೋಡಿದ ತಕ್ಷಣ ಅವರ ಮುಖ ಬದಲಾಯಿತು. ಹಾಸಿಗೆಯಿಂದ ಸ್ಟ್ರೆಚರಿಗೆ ಎತ್ತಿ ಥಿಯೇಟರಿಗೆ ತಳ್ಳಿಕೊಂಡು ಹೋದರು. ಅತ್ತಿಗೆ ಬರಿಗಾಲಲ್ಲಿ ಹಿಂದೆ ಓಡಿದಳು. ಅನುಮಾನದಕ್ಕನೂ ಓಡಿದಳು, ಸಮಾಧಾನಿಯೂ ಡ್ರಿಪ್ಪಿನ ಬಾಟಲಿ ಎತ್ತಿ ಹಿಡಿದು ಓಡಿದಳು.

ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಅತ್ತಿಗೆ ನಾದಿನಿಯರು ಒಬ್ಬರ ಕೈ ಒಬ್ಬರು ಹಿಡಿದು ಕೂತರು. ಕೊನೆಗೆ ಡಾಕ್ಟರು ಟೊಪ್ಪಿಗೆ ತೆಗೆಯುತ್ತ ಹೊರಗೆ ಬಂದು, ಕರುಳಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಸರಿಮಾಡಿದ್ದೇವೆ, ರೌಂಡ್ಸಿನವರೆಗೆ ಬಿಟ್ಟಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು. ಅತ್ತಿಗೆ ಅವಳ ಹೆಗಲಿಗೆ ಮುಖ ಒತ್ತಿ ಗೊಳೋ ಎಂದು ಅತ್ತುಬಿಟ್ಟಳು. ಅನುಮಾನದಕ್ಕನಿಗೆ ಅಳುವಷ್ಟೂ ಶಕ್ತಿ ಉಳಿದಿರಲಿಲ್ಲ.

ಮೇಟ್ರನ್ ಬಂದರು, ಮುಖ ಅರಳಿತ್ತು. "ನೋಡಿದ್ರಾ? ಕಾವಲು ನಿಮ್ಮಣ್ಣನ್ನ ಉಳಿಸ್ತು! ಮೇಲಿನವರಿಗೆಲ್ಲ ಆಗ್ಲೇ ಸುದ್ದಿ ಹೋಗಿದೆ. ನಾಳೆ ಪೇಪರಿನವರು ಬರ್ತಾರಂತೆ, ನೀವೂ ಒಂದು ಮಾತು ಹೇಳ್ಬೇಕು."

ಹೇಳಬೇಕಾದದ್ದು ಗಂಟಲಿನವರೆಗೆ ಬಂತು. ಮೊದಲು ಅಣ್ಣನ ಮುಖ ನೋಡಿಕೊಳ್ಳೋಣ, ಆಮೇಲೆ ಹೇಳಿದರಾಯಿತು ಎಂದು ನುಂಗಿದಳು. ಅತ್ತಿಗೆಯ ಚಪ್ಪಲಿ, ಚೀಲ ವಾರ್ಡಿನಲ್ಲೇ ಉಳಿದಿದ್ದವು. ತರುತ್ತೇನೆ ಎಂದು ಹೊರಟಳು.

ಸಂಜೆಯ ಬಿಸಿಲು ಕಿಟಕಿಯಿಂದ ಹಾಸಿಗೆಗಳ ಮೇಲೆ ಓರೆಯಾಗಿ ಬಿದ್ದಿತ್ತು. ಅಣ್ಣನ ಖಾಲಿ ಹಾಸಿಗೆಯ ದೀಪ ಆರಿತ್ತು. ಪಕ್ಕದಲ್ಲಿ ಬೀಗದಜ್ಜ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಅವಳಿಗೆ ಖುಷಿ ಉಕ್ಕಿತು. ಸ್ಟೂಲು ಎಳೆದುಕೊಂಡು ಕೂತಳು.

"ಅಜ್ಜಾ, ಉಳ್ಕೊಂಡ! ನೀವು ಹೇಳ್ದೇ ಇದ್ದಿದ್ರೆ ನಾನು ಇನ್ನೂ ಎರಡು ಮಾತಾಡಿಕೊಂಡು ನಿಂತಿರ್ತಿದ್ದೆ. ಒಳಗಡೆ ಹೊಲಿಗೆ ಬಿಟ್ಟಿತ್ತಂತೆ, ಇವನು ಕೇಳಿದ್ದೇ ಸರಿ ನೋಡಿ, ಡಬಲ್ ಹಾಕ್ಬೇಕಿತ್ತು. ನಾಳೆಯಿಂದ ನಿಮ್ಮಿಬ್ರ ಜಗಳ ಮತ್ತೆ ಶುರು."

ಅಜ್ಜ ಏನೂ ಅನ್ನಲಿಲ್ಲ. ಹೊದಿಕೆಯಿಂದ ಆಚೆ ಬಂದಿದ್ದ ಅವನ ಕೈಯನ್ನು ಎತ್ತಿ ಒಳಗಿಡಲು ಹೋದಳು. ಕೈ ತಣ್ಣಗಿತ್ತು. ಬಾಗಿ ಮುಖ ನೋಡಿದಳು. ಪ್ರಾಣ ಹೋಗಿ ಬಹಳ ಹೊತ್ತಾಗಿತ್ತು. ಗಂಟೆ ಹೊಡೆದುಕೊಂಡು ಎಲ್ಲರೂ ಪಕ್ಕದಲ್ಲೇ ಗಿಜಿಗುಟ್ಟುತ್ತಿದ್ದ ಹೊತ್ತಿನಲ್ಲೋ, ಆಮೇಲೋ, ಯಾರಿಗೂ ತೊಂದರೆ ಕೊಡದೆ ಹೊರಟುಹೋಗಿದ್ದ. ಅವನ ತಲೆಯ ಮೇಲೆ ದೀಪ ಹಸಿರಾಗಿ ಉರಿಯುತ್ತಿತ್ತು.

ಕಿಟಕಿಯ ಸಾಲಿಗೆ ಬಂದಾಗ ಹೊಟ್ಟೆಯಲ್ಲಿ ಚುರುಕ್ ಎಂದಿತ್ತಲ್ಲ. ಅಷ್ಟು ಜೋರಾಗಿ ಯಾಕೆ ಎಂದಿತು ಎಂದು ಅವಳಿಗೆ ಈಗ ತಿಳಿಯಿತು. ಅದು ಇಬ್ಬರಿಗಾಗಿ ಎಂದಿತ್ತು, ತಾನು ಪೂರ್ತಿಯಾಗಿ ಅಣ್ಣನ ಲೆಕ್ಕಕ್ಕೆ ಹಾಕಿಕೊಂಡಿದ್ದಳು. ನಂದು ಹಸಿರಿದೆ ಎಂದ ಮುದುಕನ ಮಾತನ್ನು ನಂಬಿದ್ದಳು. ತಾನೇ ಅತ್ತಿಗೆಗೆ ಹೇಳಿಕೊಟ್ಟ ಮಾತು ಅದು, ಪಕ್ಕದಲ್ಲಿ ಮಲಗಿದ್ದವನೂ ಕೇಳಿಸಿಕೊಂಡಿದ್ದ.

ಸಮಾಧಾನಿ ಬಂದು ಹಿಂದೆ ನಿಂತಳು. ಅನುಮಾನದಕ್ಕ ಅಭ್ಯಾಸಬಲದಿಂದ ಅಜ್ಜನ ತೋಳಿಗೆ ಪಟ್ಟಿ ಸುತ್ತಿದಳು. ಪಟ್ಟಿ ಉಬ್ಬಿತು, ಇಳಿಯಿತು, ಏನೂ ಸಿಗಲಿಲ್ಲ. ಟ್ಯಾಬು ಕೇಳಿತು: ಗೊತ್ತುಮಾಡಿದ ಹೊತ್ತಿಗೆ ಮುಂಚೆ ತಪಾಸಣೆ ಮಾಡಲು ಕಾರಣವೇನು? ಕೆಳಗೆ ಮೂರು ಉತ್ತರ. ಒಂದನ್ನು ಒತ್ತುವ ತನಕ ಅದು ಮುಂದಕ್ಕೆ ಹೋಗುವುದಿಲ್ಲ, ದೀಪವೂ ಬಣ್ಣ ಬದಲಿಸುವುದಿಲ್ಲ. ಅವಳು ಟ್ಯಾಬನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು.

"ಅಕ್ಕಾ, ಈ ಸಾಲು ನಂದು" ಎಂದಳು ಸಮಾಧಾನಿ. "ಎಲ್ಲಾರನ್ನೂ ನೋಡ್ಬಿಡ್ತೀನಿ. ನೀನು ಆ ಕಡೆ ನೋಡು."

ಅನುಮಾನದಕ್ಕ ಪಟ್ಟಿ ಬಿಚ್ಚಿಕೊಂಡು ಎದ್ದಳು. ಗೋಡೆಯ ಕಡೆಯ ಸಾಲಿನಲ್ಲಿ ಜನ ಹೊದ್ದು ಮಲಗಿದ್ದರು. ಎಲ್ಲರ ತಲೆಯ ಮೇಲೂ ಹಸಿರು. ಅವರಲ್ಲಿ ಮೊದಲು ಯಾರ ಹತ್ತಿರ ಹೋಗಲಿ ಎಂದು, ಇಷ್ಟು ವರ್ಷ ಮಾಡಿದ ಹಾಗೆ, ಸುಮ್ಮನೆ ನಿಂತು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಹೊಟ್ಟೆಯಲ್ಲಿ ಚುರುಕ್ ಎನ್ನಲಿ ಎಂದು ಕಾದಳು. ಏನೂ ಎನ್ನಲಿಲ್ಲ. ಬಾಗಿಲ ಹತ್ತಿರದ ಹಾಸಿಗೆಗೆ ಹೋಗಿ, "ಸ್ವಲ್ಪ ಕೈ ಕೊಡಿ ನೋಡೋಣ" ಎಂದಳು.